ಪದಚರ್ಚೆ: ‘ಮ್ಯಾಷ್ಡ್ ಪೊಟೇಟೊ’ಗೆ ಯಾವ ಕ್ರಿಯಾಪದ? (ನಾಳೆ ಮುದ್ರಣಕ್ಕೆ)

ಸ.ನಾ. | ಬುಧವಾರ, ಮಧ್ಯಾಹ್ನ 2.40

ಎಲ್ಲರಿಗೂ ನಮಸ್ಕಾರ. ಅವಸರದ ಕೆಲಸ, ಕ್ಷಮಿಸಿ. ಒಂದು ಹೋಟೆಲಿನ ಬಫೆಗೆ ಹೆಸರಿನ ಚೀಟಿಗಳು, ಜೊತೆಗೆ ಅಡುಗೆಮನೆಯ ಗೋಡೆಗೆ ಅಂಟಿಸುವ ಮಾಡುವ ವಿಧಾನದ ಒಂದು ಹಾಳೆ, ಇಷ್ಟು ಕನ್ನಡಕ್ಕೆ ಆಗಬೇಕು. ನಾಳೆ ಬೆಳಿಗ್ಗೆ 11ಕ್ಕೆ ಮುದ್ರಣಕ್ಕೆ ಹೋಗುತ್ತದೆ. ಮೂರು ಕಡೆ ಸಿಕ್ಕಿಬಿದ್ದಿದ್ದೇನೆ.

1. ಮ್ಯಾಷ್ಡ್ ಪೊಟೇಟೊ.
2. ರೂಟ್ ವೆಜಿಟೆಬಲ್ ಮ್ಯಾಷ್. ಇದು ಹಾಲೆಂಡಿನ ಹುಟ್ಸ್‌ಪಾಟ್: ಆಲೂಗಡ್ಡೆ, ಕ್ಯಾರೆಟ್, ಈರುಳ್ಳಿ.
3. ಇವೆರಡಕ್ಕೂ ಮೇಲಿನ ತಲೆಬರಹ, ಸೈಡ್ ಡಿಶಸ್.

ಹಳೆಯ ಕರಡಿನಲ್ಲಿ ಯಾರೋ ‘ಬೇಯಿಸಿ ರುಬ್ಬಿದ ಆಲೂಗಡ್ಡೆ’ ಎಂದು ಬರೆದಿದ್ದಾರೆ. ಅದನ್ನೇ ಇಟ್ಟುಕೊಳ್ಳಬಹುದೇ?

ಕೆ.ಜಿ. | ಮಧ್ಯಾಹ್ನ 3.05

ರುಬ್ಬು ಬೇಡವೇ ಬೇಡ. ಚೀಟಿಯಲ್ಲಿದ್ದರೆ ತಿನ್ನುವವರು ನಕ್ಕು ಸುಮ್ಮನಾದಾರು. ಗೋಡೆಯ ಹಾಳೆಯಲ್ಲಿ ‘ರುಬ್ಬಿ’ ಎಂದು ಓದಿದ ಅಡುಗೆಯವರು ಮಾತ್ರ ನೇರ ಗ್ರೈಂಡರಿಗೆ ಹಾಕುತ್ತಾರೆ, ಹಾಕಲೇಬೇಕು, ಆ ಪದದ ಅರ್ಥವೇ ಅದು. ಬೆಂದ ಆಲೂಗಡ್ಡೆಯ ಪ್ರತಿ ಕೋಶದೊಳಗೂ ಪಿಷ್ಟ ನೀರು ಕುಡಿದು ಉಬ್ಬಿ ಕೂತಿರುತ್ತದೆ. ಮೆತ್ತಗೆ ಒತ್ತಿದರೆ ಕೋಶಗಳು ಒಂದರಿಂದೊಂದು ಬಿಡಿಸಿಕೊಳ್ಳುತ್ತವೆ, ಒಡೆಯುವುದಿಲ್ಲ, ಹಿಟ್ಟು ಹಿಟ್ಟಾಗಿ ಹಗುರ ಬರುತ್ತದೆ. ಮಿಕ್ಸಿಯ ಬ್ಲೇಡು ತಗುಲಿದರೆ ಕೋಶ ಹರಿದು ಪಿಷ್ಟ ಹೊರಗೆ ಬಂದು ಅರ್ಧ ನಿಮಿಷದಲ್ಲಿ ಪೋಸ್ಟರ್ ಹಚ್ಚುವ ಅಂಟು ಸಿದ್ಧ. ಆಮೇಲೆ ಎಷ್ಟು ಹಾಲು ಬೆಣ್ಣೆ ಸುರಿದರೂ ವಾಪಸ್ ಬರುವುದಿಲ್ಲ.

ಉಳಿದವನ್ನೂ ಒಂದೊಂದಾಗಿ ತೂಗಿ ನೋಡಿ. ಅರೆ: ಚಟ್ನಿಗೆ. ಜಜ್ಜು: ಶುಂಠಿಗೆ. ಕುಟ್ಟು: ಬೇಡ. ಕಿವುಚು: ನೆನೆಸಿದ ಹುಣಸೆಗೆ, ನೀರಿನೊಳಗೆ ಬೆರಳಿನಿಂದ ಮಾಡುವ ಕೆಲಸ. ಹಿದುಕು: ಅವರೆಬೇಳೆಗೆ, ಸಿಪ್ಪೆಯಿಂದ ಕಾಳು ಹೊರಗೆ ಹಾರಿಸುವುದು. ಹಿಸುಕು ಹತ್ತಿರ ಬರುತ್ತದೆ, ಆದರೆ ಅದು ಮುಷ್ಟಿಯ ಕೆಲಸ, ಒಂದೆರಡು ಆಲೂಗಡ್ಡೆಗೆ ಸರಿ. ಐದು ಕಿಲೋ ಬಫೆಗೆ ಯಾರೂ ಹಿಸುಕುವುದಿಲ್ಲ. ಮೇಲಾಗಿ ಆ ಪದ ಓದಿದೊಡನೆ ಕತ್ತು ನೆನಪಾಗುತ್ತದೆ.

ನನ್ನ ಮತ ‘ಮಸೆದ ಆಲೂಗಡ್ಡೆ’ಗೆ. ಮಸ್ಸೊಪ್ಪು ಗೊತ್ತಿರುವವರಿಗೆ ವಿವರಣೆಯೇ ಬೇಡ: ಬೆಂದದ್ದನ್ನು ಪಾತ್ರೆಯಲ್ಲೇ ಕೋಲಿನಿಂದ ಒತ್ತಿ ಒತ್ತಿ ಮೆತ್ತಗೆ ಮಾಡುವುದು.

ತಿ.ರಂ. | ಸಂಜೆ 4.10

ಕೆ.ಜಿ. ಅವರು ಕ್ರಿಯಾಪದ ಸರಿಯಾಗಿ ಹಿಡಿದರು, ನಾಮಪದದಲ್ಲಿ ಎಡವಿದರು. ‘ಆಲೂಗಡ್ಡೆ’ ಕನ್ನಡವಲ್ಲ. ಆಲು ಅಂದರೇ ಸಂಸ್ಕೃತದಲ್ಲಿ ತಿನ್ನುವ ಗಡ್ಡೆ, ಅದು ಹಿಂದಿಯ ಮೂಲಕ ಬಂದು ಕೂತ ಮೇಲೆ ನಾವು ಮತ್ತೊಂದು ಗಡ್ಡೆ ಅಂಟಿಸಿದ್ದೇವೆ. ಗೇಟುಬಾಗಿಲು ಇದ್ದ ಹಾಗೆ. ಉರುಳಗಡ್ಡೆ ಎಂಬ ಚೆಂದದ ಪದ ಹಳೇ ಮೈಸೂರಿನ ಬಾಯಲ್ಲಿ ಇನ್ನೂ ಇದೆ. ‘ಮಸೆದ ಉರುಳಗಡ್ಡೆ’ ಎಂದು ಹಾಕಿ.

ಇನ್ನೊಂದು ಮಾತು, ಗಮನಿಸಿ: ಮಸೆ, ಮ್ಯಾಷ್. ಧ್ವನಿಯೂ ಅದೇ, ಅರ್ಥವೂ ಅದೇ. ಕರಾವಳಿಯ ವ್ಯಾಪಾರದ ಕಾಲದಲ್ಲಿ ನಮ್ಮ ಪದವೇ ಅತ್ತ ಹೋಗಿರಬಾರದೇಕೆ? ನಮ್ಮದನ್ನೇ ಕೊಟ್ಟು ನಾವೇ ಸಾಲ ಕೇಳುತ್ತಿದ್ದೇವೆ.

ಎಂ.ವಿ. | ಸಂಜೆ 4.22

ಸಂಬಂಧವಿಲ್ಲ. ಮ್ಯಾಷ್ ಹಳೆಯ ಇಂಗ್ಲಿಷಿನಲ್ಲೇ ಇರುವ ಪದ, ಬಿಯರ್ ಮಾಡುವವರದು: ಮೊಳಕೆ ಬರಿಸಿದ ಬಾರ್ಲಿಗೆ ಬಿಸಿನೀರು ಬೆರೆಸಿ ಕಲಕುವುದು. ಜರ್ಮನ್ನಿನಲ್ಲಿ ಅದರ ದಾಯಾದಿ ಮೈಶೆ. ಪೋರ್ಚುಗೀಸರ ಹಡಗು ಇತ್ತ ಬರುವುದಕ್ಕೆ ಎಷ್ಟೋ ಶತಮಾನ ಮುಂಚಿನ ಮಾತು. ಕಿವಿಗೆ ಒಂದೇ ಥರ ಕೇಳಿಸಿದ್ದೆಲ್ಲ ನೆಂಟರಲ್ಲ.

ಉರುಳಗಡ್ಡೆಗೂ ತಮಿಳಿನ ಉರುಳೈಕ್ಕಿಳಂಗಿಗೂ ಏನು ನಂಟು ಎನ್ನುವುದನ್ನು ತಿ.ರಂ. ಬಿಟ್ಟುಬಿಟ್ಟರು. ಹಿಂದಿಯಿಂದ ಬಂದರೆ ಸಾಲ, ತಮಿಳಿನಿಂದ ಬಂದರೆ ತವರಿನ ಉಡುಗೊರೆ ಎನ್ನುವ ಲೆಕ್ಕ ನನಗೆ ಅರ್ಥವಾಗುವುದಿಲ್ಲ.

ವೆಂ.ಉ. | ಸಂಜೆ 4.50

ಉಡುಪಿ ಕಡೆ ಇದಕ್ಕೆ ಪದ ಇದೆಯಲ್ಲ ಮಾರಾಯ್ರೆ, ಹೊಸತಾಗಿ ಹುಡುಕುವುದು ಎಂತಕ್ಕೆ? ಬಜ್ಜಿ. ಗುಳ್ಳವನ್ನು, ಅಂದರೆ ನಮ್ಮ ಕಡೆಯ ಉರುಟು ಬದನೆಯನ್ನು, ಸುಟ್ಟು ಸಿಪ್ಪೆ ತೆಗೆದು, ಉಪ್ಪು, ಹಸಿಮೆಣಸು, ತೆಂಗಿನೆಣ್ಣೆ ಹಾಕಿ ಕೈಯಲ್ಲಿ ಹಿಸುಕಿದರೆ ಗುಳ್ಳದ ಬಜ್ಜಿ. ಬಟಾಟೆಯನ್ನು ಬೇಯಿಸಿ ಹಾಗೆಯೇ ಮಾಡಿದರೆ ಬಟಾಟೆ ಬಜ್ಜಿ. ಹಾಲು ಬೆಣ್ಣೆ ಹಾಕಿದರೆ ಬೆಣ್ಣೆ ಬಜ್ಜಿ ಅಂತ ಬರೆಯಿರಿ, ಮುಗಿಯಿತು.

ಸ.ನಾ. | ಸಂಜೆ 5.15

ವೆಂ.ಉ. ಸರ್, ಪದ ಚೆನ್ನಾಗಿದೆ. ಆದರೆ ಈ ಬಫೆ ಬೆಂಗಳೂರಿನಲ್ಲಿ. ‘ಬಟಾಟೆ ಬಜ್ಜಿ’ ಎಂದು ಚೀಟಿ ಇಟ್ಟರೆ ಎಣ್ಣೆಯಲ್ಲಿ ಕರಿದದ್ದು ಎಲ್ಲಿ ಎಂದು ಸಾಲು ನಿಂತವರು ಮುಚ್ಚಳ ಎತ್ತಿ ನೋಡುತ್ತಾರೆ.

ಮೊದಲನೆಯದಕ್ಕೆ ‘ಮಸೆದ’ ಎಂದು ಸದ್ಯಕ್ಕೆ ಬರೆದುಕೊಂಡಿದ್ದೇನೆ. ಎರಡನೆಯದು ಹೇಗೆ? ‘ಬೇರುತರಕಾರಿ’ ಸರಿಯೇ? ಹಾಳೆಯಲ್ಲಿ ಎರಡಕ್ಕೂ ಒಂದೇ ಕ್ರಿಯಾಪದ ಸಾಕೇ?

ಶಾಂ. | ರಾತ್ರಿ 7.30

ಸಾಕಾಗುವುದಿಲ್ಲ, ಯಾಕೆಂದರೆ ಕ್ಯಾರೆಟ್ಟಿನ ಗುಣ ಬೇರೆ. ಗಜ್ಜರಿಯಲ್ಲಿ ಪಿಷ್ಟ ಬಹಳ ಕಡಿಮೆ, ಬೇಯಿಸಿ ಮಿಕ್ಸಿಗೆ ಹಾಕಿದರೂ ಅಂಟಾಗುವುದಿಲ್ಲ, ನುಣ್ಣಗೆ ಬರುತ್ತದೆ. ಬೀಟ್‌ರೂಟೂ ಹಾಗೆಯೇ. ರುಬ್ಬಬಾರದ್ದು ಆಲೂಗಡ್ಡೆ ಮಾತ್ರ. ಹಾಗಾಗಿ ನುಣುಪು ಬೇಕಿದ್ದರೆ ಹಾಳೆಯಲ್ಲಿ ಎರಡು ಕ್ರಿಯಾಪದ ಬೇಕು: ಗಜ್ಜರಿ ರುಬ್ಬಿ, ಆಲೂಗಡ್ಡೆ ಮಸೆಯಿರಿ, ಎರಡನ್ನೂ ಸೌಟಿನಲ್ಲಿ ಬೆರೆಸಿ. ಹುಟ್ಸ್‌ಪಾಟ್ ಮಾತ್ರ ತರಿತರಿಯಾಗಿಯೇ ಇರಬೇಕಾದದ್ದು, ಅದಕ್ಕೆ ಮಿಕ್ಸಿ ಹತ್ತಿರವೂ ತರಬೇಡಿ. ಅಳತೆ ಬೇಕಾದರೆ: ಆಲೂಗಡ್ಡೆ 1 ಕಿಲೋ, ಗಜ್ಜರಿ 750 ಗ್ರಾಂ, ಈರುಳ್ಳಿ 300 ಗ್ರಾಂ, ಬೆಣ್ಣೆ 75 ಗ್ರಾಂ. ಗಜ್ಜರಿ ನಿಧಾನಕ್ಕೆ ಬೇಯುವುದರಿಂದ 2 ಸೆಂಟಿಮೀಟರಿನ ಹೋಳು ಮಾಡಿ ಈರುಳ್ಳಿ ಜೊತೆ 10 ನಿಮಿಷ ಮೊದಲೇ ಇಡಬೇಕು. ಎಲ್ಲ ಒಟ್ಟಿಗೆ ಹಾಕಿದರೆ ಗಜ್ಜರಿ ಬೇಯುವ ಹೊತ್ತಿಗೆ ಆಲೂಗಡ್ಡೆ ಗಂಜಿಯಾಗಿರುತ್ತದೆ. ಹಾಲು ಹಾಕುವ ಅಗತ್ಯವಿಲ್ಲ, ಗಜ್ಜರಿಯ ನೀರೇ ಹೆಚ್ಚು. ಬಸಿದ ನೀರು ಒಂದು ಲೋಟ ತೆಗೆದಿಟ್ಟುಕೊಂಡು ಗಟ್ಟಿಯಾದರೆ ಮಾತ್ರ ಸೇರಿಸಿ.

‘ಬೇರುತರಕಾರಿ’ ತಪ್ಪು. ಆಲೂಗಡ್ಡೆ ಬೇರಲ್ಲ, ನೆಲದೊಳಗಿನ ಕಾಂಡ. ಅದರ ಕಣ್ಣುಗಳೇ ಮೊಗ್ಗು. ಈರುಳ್ಳಿ ಬೇರಲ್ಲ, ಎಲೆಗಳ ಪದರ. ಮೂರರಲ್ಲಿ ನಿಜವಾದ ಬೇರು ಗಜ್ಜರಿ ಒಂದೇ. ಇಂಗ್ಲಿಷಿನವರು ಎಲ್ಲವನ್ನೂ ರೂಟ್ ಎಂದು ತಪ್ಪಿದರೆ ನಾವೂ ತಪ್ಪಬೇಕೇ? ನಮ್ಮಲ್ಲಿ ಗಡ್ಡೆಗೆಣಸು ಇದೆ.

ಎಂ.ವಿ. | ರಾತ್ರಿ 7.48

ಶಾಂ. ಮೇಡಂ ಹೇಳಿದ್ದು ಸರಿ. ಕಂದಮೂಲ ಎಂದರೂ ನಡೆಯುತ್ತದೆ: ಕಂದ ಗಡ್ಡೆ, ಮೂಲ ಬೇರು, ಎರಡೂ ಒಂದೇ ಸಮಾಸದಲ್ಲಿ. ಆದರೆ ಚೀಟಿ ಓದಿದವರಿಗೆ ಊಟಕ್ಕಿಂತ ಮೊದಲು ವನವಾಸ ನೆನಪಾಗುತ್ತದೆ.

ತಿ.ರಂ. | ರಾತ್ರಿ 8.30

ಗಡ್ಡೆಗೆಣಸು ಬಹಳ ಸರಿ. ತಲೆಬರಹಕ್ಕೆ ‘ನಂಚಿಕೆ’ ಎಂದು ಹಾಕಿ. ನಂಚಿಕೊಳ್ಳುವುದು ಎಂಬ ಕ್ರಿಯಾಪದ ಇರುವ ಭಾಷೆಗೆ ಸೈಡ್ ಡಿಶ್ ಎಂಬ ಊರುಗೋಲು ಬೇಕೆ? ‘ಪಕ್ಕದ ಖಾದ್ಯ’ ಎಂದು ಯಾರಾದರೂ ಬರೆದಿದ್ದರೆ ದಯವಿಟ್ಟು ಹರಿದುಹಾಕಿ. ವ್ಯಂಜನವೂ ಬೇಡ, ಅದನ್ನು ವ್ಯಾಕರಣಕ್ಕೆ ಬಿಟ್ಟುಕೊಡೋಣ.

ಎಂ.ವಿ. ಅವರ ತಮಿಳಿನ ಕೊಂಕಿಗೆ ಉತ್ತರ: ಉರುಳು, ಗಡ್ಡೆ ಎರಡೂ ಕನ್ನಡದ್ದೇ ಪದಗಳು. ಅಕ್ಕನ ಮನೆಯಲ್ಲಿ ಅದೇ ಹೆಸರು ಇದ್ದ ಮಾತ್ರಕ್ಕೆ ಕದ್ದ ಹಾಗೆ ಆಗುವುದಿಲ್ಲ. ಹೊರಗಿನಿಂದ ಬಂದ ವಸ್ತುವಿಗೆ ಒಳಗಿನ ಹೆಸರು ಇಡುವುದು ನಮಗೆ ಹೊಸದೇನಲ್ಲ. ಮೆಣಸಿನಕಾಯಿ ಸಮುದ್ರ ದಾಟಿ ಬಂದಾಗ ನಮ್ಮ ಕರಿಮೆಣಸಿನ ಹೆಸರನ್ನೇ ಅದಕ್ಕೆ ತೊಡಿಸಿದೆವು. ಇವತ್ತು ಅದನ್ನು ಪರದೇಶಿ ಎನ್ನುವವರು ಯಾರು?

ಎಂ.ವಿ. | ರಾತ್ರಿ 8.41

ಮೆಣಸಿನಕಾಯಿಯ ಜೊತೆ ಅದೇ ದಾರಿಯಲ್ಲಿ ಬಂದ ಅನಾನಸು, ಪಪ್ಪಾಯಿ, ಬಟಾಟೆ ತಮ್ಮ ಹೆಸರು ಹೊತ್ತೇ ಬಂದವು. ಒಂದು ಉದಾಹರಣೆ ಆರಿಸಿಕೊಂಡು ನಿಯಮ ಮಾಡುವುದು ತಿ.ರಂ. ಅವರ ಹಳೆಯ ಅಭ್ಯಾಸ. ಅಂದಹಾಗೆ ಬಟಾಟೆ ಎಂಬ ಪದ ಮೂಲತಃ ಕೆರಿಬಿಯನ್ ದ್ವೀಪಗಳಲ್ಲಿ ಗೆಣಸಿನ ಹೆಸರು. ಪೋರ್ಚುಗೀಸರ ಬಾಯಿಗೆ ಬಂದು ಆಲೂಗಡ್ಡೆಗೂ ಅಂಟಿಕೊಂಡಿತು. ಪದಗಳು ಪಾಸ್‌ಪೋರ್ಟ್ ತೋರಿಸಿ ಬರುವುದಿಲ್ಲ. ಜನ ‘ಮ್ಯಾಷ್ಡ್ ಪೊಟೇಟೊ’ ಎಂದು ಆರ್ಡರ್ ಮಾಡುತ್ತಾರೆ, ಚೀಟಿಯಲ್ಲಿ ಅದನ್ನೇ ಕನ್ನಡ ಲಿಪಿಯಲ್ಲಿ ಬರೆಯಿರಿ.

ತಿ.ರಂ. | ರಾತ್ರಿ 8.44

ಲಿಪಿ ಮಾತ್ರ ಕನ್ನಡ ಆದರೆ ಸಾಕು ಎನ್ನುವವರಿಗೆ ಈ ಪಟ್ಟಿ ಏಕೆ?

ವೆಂ.ಉ. | ರಾತ್ರಿ 8.52

ನಮ್ಮಲ್ಲಿ ಸೈಡ್ ಡಿಶ್ಶಿಗೆ ಪದಾರ್ಥ ಅಂತಲೇ ಹೇಳುವುದು. ‘ಇವತ್ತು ಎಂತ ಪದಾರ್ಥ?’ ಪದಚರ್ಚೆಯವರಿಗೆ ಇದಕ್ಕಿಂತ ಒಳ್ಳೆಯದು ಸಿಕ್ಕುತ್ತದಾ?

ಕೆ.ಜಿ. | ರಾತ್ರಿ 9.20

ಮೂಲ ಪ್ರಶ್ನೆಗೆ ಬರೋಣ, ಕೇಳಿದವರಿಗೆ ನಾಳೆ 11ರ ಗಡುವು ಇದೆ.

ಮೊದಲು ಒಂದು ಎಚ್ಚರಿಕೆ: ‘ಮಸೆದ’ ಎಂದೇ ಬರೆಯಿರಿ, ಮಾತಿನ ‘ಮಸಿದ’ ಬೇಡ. ಅಕ್ಷರ ಒಂದು ಬದಲಾದರೆ ಮಸಿ ಬಳಿದ ಆಲೂಗಡ್ಡೆ. ಇನ್ನೊಂದು: ಉತ್ತರ ಕರ್ನಾಟಕದ ಅಡುಗೆಯವರಿದ್ದರೆ ಮಸೆ ಅಂದಾಗ ಅವರಿಗೆ ಕುಡುಗೋಲು, ಹೆಚ್ಚೆಂದರೆ ಹಲ್ಲು ಮಸೆಯುವುದು ನೆನಪಾಗುತ್ತದೆ. ಆದ್ದರಿಂದ ಹೆಸರಿಗೆ ಮಸೆ ಇಟ್ಟು, ಗೋಡೆಯ ಹಾಳೆಯಲ್ಲಿ ಉಪಕರಣದ ಹೆಸರು ಹೇಳಿ ‘ಒತ್ತಿ’ ಎನ್ನಿ. ಬೆಂದ ಆಲೂಗಡ್ಡೆಯನ್ನು ತೂತುಗಳ ಮೂಲಕ ಒತ್ತುವ ಉಪಕರಣ, ಇಂಗ್ಲಿಷಿನಲ್ಲಿ ರೈಸರ್ ಎಂದು ಇರುವುದು ಬೇರೇನಲ್ಲ, ನಮ್ಮ ಶಾವಿಗೆ ಒರಳಿನ ತಮ್ಮ. ಒತ್ತುಶಾವಿಗೆ ಎಲ್ಲರಿಗೂ ಗೊತ್ತು, ಕೈ ತಾನಾಗಿಯೇ ಸರಿಯಾದ ಕೆಲಸ ಮಾಡುತ್ತದೆ.

ಹಾಳೆಗೆ ಹೀಗೆ ಬರೆಯಬಹುದು:

‘ಆಲೂಗಡ್ಡೆ 1 ಕಿಲೋ. ಸಿಪ್ಪೆ ತೆಗೆದು 4 ಸೆಂಟಿಮೀಟರಿನ ಸಮ ಹೋಳು ಮಾಡಿ. ತಣ್ಣೀರಿಗೆ ಹಾಕಿ, ಲೀಟರಿಗೆ 10 ಗ್ರಾಂ ಉಪ್ಪು. ಕುದಿ ಬಂದ ಮೇಲೆ ಉರಿ ತಗ್ಗಿಸಿ 15ರಿಂದ 20 ನಿಮಿಷ. ಚಾಕು ತಡೆಯಿಲ್ಲದೆ ಇಳಿಯಬೇಕು. ಬಸಿದು, ಅದೇ ಬಿಸಿ ಪಾತ್ರೆಗೆ ವಾಪಸ್ ಹಾಕಿ ಸಣ್ಣ ಉರಿಯಲ್ಲಿ 2 ನಿಮಿಷ ಹಬೆ ಹೋಗಿಸಿ. ಬಿಸಿಯಿರುವಾಗಲೇ ಶಾವಿಗೆ ಒರಳಿನಲ್ಲಿ ಒತ್ತಿ. ಮೊದಲು ಬೆಣ್ಣೆ 100 ಗ್ರಾಂ, ಆಮೇಲೆ ಬಿಸಿ ಹಾಲು 150 ಮಿಲಿಲೀಟರ್, ಸ್ವಲ್ಪ ಸ್ವಲ್ಪವಾಗಿ. ಸೌಟಿನಲ್ಲಿ ಮಡಚಿ ಬೆರೆಸಿ, ಬಡಿಯಬೇಡಿ. ಮಿಕ್ಸಿ, ಗ್ರೈಂಡರ್ ಬೇಡ.’

ಕಾರಣ ಕೇಳುವವರಿಗೆ: ಕುದಿಯುವ ನೀರಿಗೆ ಹಾಕಿದರೆ ಹೊರಗೆ ಕರಗಿ ಒಳಗೆ ಗಟ್ಟಿ ಉಳಿಯುತ್ತದೆ, ಒತ್ತುವಾಗ ಗಂಟು ಗಂಟು. ಹಬೆ ಹೋಗಿಸದಿದ್ದರೆ ಹಾಲಿನ ಜಾಗವನ್ನು ನೀರು ತಿಂದಿರುತ್ತದೆ, ರುಚಿ ಸಪ್ಪೆ. ಆರಿದ ಮೇಲೆ ಒತ್ತಿದರೆ ಪಿಷ್ಟ ಬಿಗಿದು ತರಿತರಿ. ಕುಕ್ಕರಿನಲ್ಲೇ ಮಾಡುತ್ತೇವೆ ಅಂದರೆ ಹೋಳು ಬೇಡ, ಸಿಪ್ಪೆ ಸಮೇತ ಇಡಿಯಾಗಿ, ತಟ್ಟೆಯ ಮೇಲೆ, ನೀರು ಮುಟ್ಟದ ಹಾಗೆ. ಗಡ್ಡೆಯನ್ನೂ ನೋಡಿ ತರಲಿ: ತೆಳು ಸಿಪ್ಪೆಯ ಹೊಸ ಗಡ್ಡೆ ಮೇಣದ ಹಾಗೆ, ಎಷ್ಟು ಒತ್ತಿದರೂ ಬಿಡಿಸಿಕೊಳ್ಳುವುದಿಲ್ಲ. ಚಿಪ್ಸಿಗೆಂದೇ ಬೆಳೆಯುವ ಕುಫ್ರಿ ಚಿಪ್ಸೋನಾ ಸಿಕ್ಕರೆ ಒಳ್ಳೆಯದು, ಒಳಗೆ ನೀರು ಕಡಿಮೆ, ಹಿಟ್ಟು ಹೆಚ್ಚು. ಬಫೆಯಲ್ಲಿ ನಿಂತಷ್ಟೂ ಗಟ್ಟಿಯಾಗುವುದರಿಂದ ಇನ್ನೊಂದು 50 ಮಿಲಿಲೀಟರ್ ಬಿಸಿ ಹಾಲು ಪಕ್ಕದಲ್ಲಿರಲಿ.

ಉರುಳಗಡ್ಡೆ, ಬಟಾಟೆ, ಆಲೂಗಡ್ಡೆ ಮೂರೂ ಕನ್ನಡವೇ. ಚೀಟಿಗೆ ಹೆಚ್ಚು ಜನ ಓದಿ ಗುರುತಿಸುವುದು ಆಲೂಗಡ್ಡೆ. ಇನ್ನು ಆ ಜಗಳಕ್ಕೆ ಬೇರೆ ಎಳೆ ತೆರೆಯಿರಿ.

ತಿ.ರಂ. | ರಾತ್ರಿ 9.31

ತೆರೆಯುತ್ತೇನೆ.

ಸ.ನಾ. | ಗುರುವಾರ, ಬೆಳಿಗ್ಗೆ 9.50

ಎಲ್ಲರಿಗೂ ಧನ್ಯವಾದ. ಈಗ ಕಳಿಸುತ್ತಿರುವುದು ಹೀಗಿದೆ:

ತಲೆಬರಹ: ನಂಚಿಕೊಳ್ಳಲು
ಬೆಣ್ಣೆ ಹಾಕಿ ಮಸೆದ ಆಲೂಗಡ್ಡೆ
ಹುಟ್ಸ್‌ಪಾಟ್ (ಆಲೂಗಡ್ಡೆ, ಕ್ಯಾರೆಟ್, ಈರುಳ್ಳಿ ಮಸೆದದ್ದು)

ಎರಡನೆಯದಕ್ಕೆ ಗಡ್ಡೆಗೆಣಸು ಬಿಟ್ಟೆ, ಗೆಣಸು ಎಲ್ಲಿ ಎಂದು ಕೇಳುತ್ತಾರೆಂದು ಹೋಟೆಲಿನವರೇ ಅಂಜಿದರು. ‘ನಂಚಿಕೆ’ಯನ್ನು ‘ನಂಜು’ ಎಂದು ಓದಿಕೊಂಡ ಮ್ಯಾನೇಜರಿಗೆ ಗಾಬರಿಯಾಯಿತು, ಅದಕ್ಕೇ ‘ನಂಚಿಕೊಳ್ಳಲು’. ಗೋಡೆಯ ಹಾಳೆಗೆ ಕೆ.ಜಿ. ಸರ್ ಬರೆದದ್ದನ್ನು ಹಾಗೆಯೇ ಹಾಕಿದ್ದೇನೆ.

ವೆಂ.ಉ. | ಬೆಳಿಗ್ಗೆ 10.02

ಹುಟ್ಸ್‌ಪಾಟಿನ ಪಕ್ಕ ‘1574ರಿಂದ’ ಅಂತ ಇಂಗ್ಲಿಷ್ ಚೀಟಿಯಲ್ಲಿ ಇದ್ದರೆ ತೆಗೆದುಬಿಡಿ. ಲೈಡನ್ ಊರಿನ ಮುತ್ತಿಗೆ ಮುಗಿದ ದಿನ, ಅಕ್ಟೋಬರ್ 3ರಂದು, ಸ್ಪೇನಿನ ಸೈನ್ಯ ಬಿಟ್ಟುಹೋದ ಪಾತ್ರೆಯಲ್ಲಿ ಸಿಕ್ಕಿತು ಅನ್ನುವುದು ಅಲ್ಲಿನ ಕಥೆ, ಈಗಲೂ ಆ ದಿನ ಅದನ್ನೇ ಮಾಡಿ ತಿನ್ನುತ್ತಾರೆ. ಆದರೆ ಆ ಪಾತ್ರೆಯಲ್ಲಿ ಬಟಾಟೆ ಇದ್ದಿರಲಿಕ್ಕಿಲ್ಲ. ಆಗಿನ್ನೂ ಅಲ್ಲಿಯವರ ಊಟಕ್ಕೆ ಅದು ಬಂದಿರಲಿಲ್ಲ, ಆ ಜಾಗದಲ್ಲಿ ಇದ್ದದ್ದು ಪಾರ್ಸ್‌ನಿಪ್, ಕ್ಯಾರೆಟ್ಟಿನ ಹಾಗಿರುವ ಬಿಳಿ ಗಡ್ಡೆ.

ಶಾಂ. | ಬೆಳಿಗ್ಗೆ 10.20

ಸ.ನಾ. ಅವರೇ, ಇನ್ನೂ ಮುದ್ರಣಕ್ಕೆ ಹೋಗಿಲ್ಲ ಅಂದರೆ ಗೋಡೆಯ ಹಾಳೆಯಲ್ಲಿ ಒಂದು ಸಾಲು ಸೇರಿಸಿ: ‘ಶಾವಿಗೆ ಒರಳಿಗೆ ಸಣ್ಣ ತೂತಿನ ಬಿಲ್ಲೆ ಹಾಕಿ’. ಹೆಚ್ಚಿನ ಅಡುಗೆಮನೆಗಳಲ್ಲಿ ಅದೇ ಒರಳಿಗೆ ನಕ್ಷತ್ರದ ಬಿಲ್ಲೆ ಕೂತಿರುತ್ತದೆ. ಹಾಗೇ ಒತ್ತಿದರೆ ನಿಮ್ಮ ಟ್ರೇ ತುಂಬ ಆಲೂಗಡ್ಡೆ ಚಕ್ಕುಲಿ.