ಸಮಸ್ಯಾಪೂರಣ: ಸಿಂಗವನೆ ನುಂಗಿತೈ ಮೈಮೇಲ ಚುಕ್ಕಿ

ಸಮಸ್ಯೆ ಕೊಟ್ಟವನು:
ಈ ಸಲದ್ದು ಕಟ್ಟುಕತೆಯ ಸಿಂಹ. ಈ ಜಾತಿಯ ಮರಿಗೆ ಹುಟ್ಟುವಾಗಲೇ ಬೆನ್ನ ಮೇಲೊಂದು ಬೆಳ್ಳಿ ಚುಕ್ಕಿ ಇರುತ್ತೆ, ಸಾಸಿವೆಯಷ್ಟು. ಅದರಲ್ಲಿ ಮಾಯೆ ಇದೆ. ಎಂಥ ಮಾಯೆ ಅಂತ ನಾನು ಹೇಳೋದಿಲ್ಲ, ನಿಮಗೇ ಬಿಟ್ಟೆ. ಪದ್ಯದ ನಾಲ್ಕನೆಯ ಸಾಲು ಇದು, ಇದಕ್ಕೆ ಅರ್ಥ ಕೂಡುವ ಹಾಗೆ ಮೇಲಿನ ಮೂರು ಸಾಲು ನೀವು ಬರೀಬೇಕು:

*ಸಿಂಗವನೆ ನುಂಗಿತೈ ಮೈಮೇಲ ಚುಕ್ಕಿ*

ಛಂದಸ್ಸು ಪಂಚಮಾತ್ರಾ ಚೌಪದಿ, ಅಂದರೆ ಐದೈದು ಮಾತ್ರೆಯ ಗುಂಪುಗಳ (ಗಣಗಳ) ನಾಲ್ಕು ಸಾಲು. ಮಾತ್ರೆ ಅಂದರೆ ಅಕ್ಷರ ಹೇಳೋಕೆ ಹಿಡಿಯೋ ಕಾಲದ ಅಳತೆ. 1 ಮತ್ತು 3ನೇ ಸಾಲಿಗೆ ಐದು ಮಾತ್ರೆಯ 4 ಗಣ. 2 ಮತ್ತು 4ಕ್ಕೆ 3 ಗಣ, ಮೇಲೆ 3 ಮಾತ್ರೆ. ಪ್ರಾಸ 'ಂಗ', ಪ್ರತಿ ಸಾಲಿನ ಎರಡನೆಯ ಅಕ್ಷರದಲ್ಲಿ ಬರಬೇಕು. ಆ 'ತೈ' ನೋಡಿ ನಗಬೇಡಿ. 'ನುಂಗಿತು' ಅಂದರೆ ನಾಲ್ಕೇ ಮಾತ್ರೆ, ಒಂದು ಕಮ್ಮಿ ಬೀಳುತ್ತೆ!

ಹೊಸಬಳು:
ಮೊದಲ ಸಲ ಬರೀತಿದ್ದೀನಿ. 'ಸಂಜೆಯಲಿ' ಅಂತ ಶುರು ಮಾಡಬಹುದಾ?

ಮಾತ್ರೆಮೇಷ್ಟ್ರು:
ಬರಲ್ಲಮ್ಮ. ಸೊನ್ನೆ ಒಂದೇ ಸಾಲದು, ಅದರ ಮುಂದೆ 'ಗ'ನೇ ಬೇಕು. ತಿಂಗಳು, ಕಂಗಳು, ರಂಗು, ತಂಗಾಳಿ, ಮುಂಗಾಲು... ಬೇಕಾದಷ್ಟಿವೆ.

ಹೊಸಬಳು:
ಹಾಗಾದರೆ ಇದು:

*ತಿಂಗಳಿನ ಬೆಳಕಲ್ಲಿ ಮಾಯೆಯದು ಮೇಲೆದ್ದು*
*ಹೊಂಗೂದಲಡಿಯಲ್ಲಿ ಬಾಯ್ದೆರೆದು ನಿಂತು*
*ಕಂಗಳನು ಮುಚ್ಚುತಿರೆ ಮಾಯೆಯೇ ಗೆದ್ದಿರಲು*
*ಸಿಂಗವನೆ ನುಂಗಿತೈ ಮೈಮೇಲ ಚುಕ್ಕಿ*

ಮಾತ್ರೆಮೇಷ್ಟ್ರು:
ಮಾತ್ರೆ ಒಂದೂ ತಪ್ಪಿಲ್ಲ. ಮೊದಲ ಪದ್ಯಕ್ಕೆ ಇದೇ ದೊಡ್ಡದು. 'ಹೊಂಗೂದಲಡಿಯಲ್ಲಿ ಬಾಯ್ದೆರೆದು' ತುಂಬ ಚೆನ್ನಾಗಿದೆ. ಆದರೆ ಯಾಕೆ ನುಂಗಿತು ಅಂತ ಕೇಳಿದರೆ 'ಮಾಯೆ' ಅಂತೀರಿ. ಮತ್ತೆ ಕೇಳಿದರೆ ಮತ್ತೆ 'ಮಾಯೆ'. ಮಾಯೆ ಏನು ಬೇಕಾದರೂ ಮಾಡಬಹುದು ಅಂದ ಮೇಲೆ ಸಮಸ್ಯೆ ಎಲ್ಲಿ ಉಳಿಯಿತು? ಕಾಳಿದಾಸನ ಹೆಸರಲ್ಲಿ ಹೇಳೋ 'ಠಂಠಂಠಠಂಠಂ' ಸಮಸ್ಯೆ ನೆನಪಿಸಿಕೊಳ್ಳಿ. ಯಾವ ಮಂತ್ರದ ಸದ್ದೂ ಅಲ್ಲ ಅದು, ಮೆಟ್ಟಿಲ ಮೇಲೆ ಉರುಳಿದ ಚಿನ್ನದ ಕೊಡದ ಸದ್ದು. ತಪ್ಪು ನಿಮ್ಮದಲ್ಲ ಬಿಡಿ, ಸಮಸ್ಯೆ ಕೊಟ್ಟವರದ್ದು. ಮಾಯೆಗೂ ಒಂದು ಕಟ್ಟುಪಾಡು ಇಡಬೇಕಿತ್ತು.

ಸಮಸ್ಯೆ ಕೊಟ್ಟವನು:
ಒಪ್ಪಿದೆ ಮೇಷ್ಟ್ರೇ. ಕಟ್ಟುಪಾಡು ಇದು: ಚುಕ್ಕಿ ಕೇಳಿದ ವರ ಕೊಡುತ್ತೆ. ಪ್ರತಿ ವರಕ್ಕೂ ಒಂದು ಕೂದಲೆಳೆಯಷ್ಟು ಹಿಗ್ಗುತ್ತೆ. ಮತ್ತೆ ಕುಗ್ಗೋದಿಲ್ಲ.

ಕಾಡುಹಾದಿ:
ಅಯ್ಯೋ, ನಾನು ಇದನ್ನು ಓದೋ ಮೊದಲೇ ಬರೆದುಬಿಟ್ಟೆ. ನನ್ನದರಲ್ಲಿ ಮಾಯೆಯೇ ಇಲ್ಲ.

*ತಂಗಾಳಿ ಎಲೆಗಳನು ತೂಗುತಿರೆ ನೆಳಲಲ್ಲಿ*
*ಕಂಗಳಿಗೆ ಬಿಸಿಲಹನಿ ಮಾತ್ರವೇ ಸಿಕ್ಕಿ*
*ಹಿಂಗಾಲು ಮಡಚಿ ಮರಿ ಮಲಗಿರಲು ಕಾಣದೆಯೆ*
*ಸಿಂಗವನೆ ನುಂಗಿತೈ ಮೈಮೇಲ ಚುಕ್ಕಿ*

ನಿಜವಾದ ಸಿಂಹದ ಮರಿಗಳಿಗೂ ಮೈಮೇಲೆ ಚುಕ್ಕಿ ಇರುತ್ತೆ. ಬೆಳೀತಾ ಮಾಸುತ್ತೆ. ಕೆಲವಕ್ಕೆ ಹೊಟ್ಟೆ, ಕಾಲಿನ ಮೇಲೆ ತೆಳುವಾಗಿ ಉಳಿಯೋದೂ ಉಂಟು. ಎಲೆಗಳ ಸಂದಿನ ಬಿಸಿಲಲ್ಲಿ ಮಲಗಿದರೆ ಮೈ ಯಾವುದು, ಬಿಸಿಲು ಯಾವುದು ಅಂತ ಗೊತ್ತೇ ಆಗಲ್ಲ.

ಹೊಸಬಳು:
'ಸಿಕ್ಕಿ - ಚುಕ್ಕಿ' ಕೇಳೋಕೆ ಎಷ್ಟು ಚೆಂದ! ಆದರೆ ಮರಿಗೆ ಚುಕ್ಕಿ ಬಹಳ, 'ನುಂಗಿತು' ಏಕವಚನ. ನಡೆಯುತ್ತಾ?

ಮಾತ್ರೆಮೇಷ್ಟ್ರು:
ಜಾತಿಗೆ ಏಕವಚನ ಅಂತ ತಳ್ಳಬಹುದು. ತಳ್ಳಿದ್ದು ಅಂತ ಗೊತ್ತಾಗುತ್ತೆ, ಅಷ್ಟೇ. ನಿಮ್ಮ ಕಣ್ಣು ಚುರುಕಿದೆ! ಈಗ ಆ ಕಟ್ಟುಪಾಡಿನ ಒಳಗೆ ನಾನೇ ಒಂದು ಕೈ ನೋಡ್ತೀನಿ.

*ಹಂಗಿರದೆ ಬಳಸಿತದು ದಿನದಿನವು ವರಗಳನು*
*ರಂಗೇರಿ ಬೆಳೆಬೆಳೆದು ಬೆನ್ನನ್ನು ಮುಕ್ಕಿ*
*ಮುಂಗಾಲು ಕೊರಳು ಮೊಗ ಬಾಲವೆನ್ನದೆ ಕವಿದು*
*ಸಿಂಗವನೆ ನುಂಗಿತೈ ಮೈಮೇಲ ಚುಕ್ಕಿ*

ಸಮಸ್ಯೆ ಕೊಟ್ಟವನು:
ಆ 'ಮುಕ್ಕಿ' ಇದೆಯಲ್ಲ, ಅದಕ್ಕೆ ಶರಣು. ಬೆನ್ನು ಮುಕ್ಕೋವಾಗಲೇ ನುಂಗೋ ಕೆಲಸ ಶುರುವಾಗಿಬಿಡ್ತು. ಚುಕ್ಕಿಗೆ ಹಸಿವಿತ್ತು ಅಂತ ಬೇರೆ ಹೇಳಬೇಕಾಗಿಲ್ಲ. ಒಂದೇ ತಕರಾರು: ಬೆಳೆಬೆಳೆದದ್ದು ಯಾರು, ಸಿಂಹವೋ ಚುಕ್ಕಿಯೋ? ಕೊನೆಯ ಸಾಲಿನವರೆಗೆ ಕಾಯಬೇಕು.

ಮಾತ್ರೆಮೇಷ್ಟ್ರು:
ಕಾಯಲಿ ಅಂತಲೇ ಹಾಗೆ ಬರೆದದ್ದು.

ಚುಕ್ಕಿಹುಚ್ಚ:
ತಡವಾಗಿ ಬಂದೆ. ನೀವೆಲ್ಲ ಚುಕ್ಕಿ ಅಂದರೆ ಮಚ್ಚೆ ಅಂತಲೇ ಹಿಡಿದುಕೊಂಡಿದ್ದೀರಿ. ಆಕಾಶದಲ್ಲಿರೋದೂ ಚುಕ್ಕಿನೇ ಅಲ್ವಾ? ಮೇಲೆಯೂ ಒಂದು ಸಿಂಹ ಇದೆ!

*ತಿಂಗಳೊಂದಾಯ್ತು ಬಾನೊಳು ಸಿಂಹ ಕಾಣಿಸದು*
*ಕಂಗೆಟ್ಟು ನೋಡದಿರು ಕತ್ತಲನು ಹೆಕ್ಕಿ*
*ಹೊಂಗದಿರ ನೇಸರೂ ಚುಕ್ಕಿಯೇ, ಬೆನ್ನೇರಿ*
*ಸಿಂಗವನೆ ನುಂಗಿತೈ ಮೈಮೇಲ ಚುಕ್ಕಿ*

ಸಿಂಹ ರಾಶಿಯ ಎದೆಯ ಹತ್ತಿರ ಹೊಳೆಯೋದು ಮಖಾ ನಕ್ಷತ್ರ. ಆಗಸ್ಟ್ 22-23ರ ಸುಮಾರಿಗೆ ಸೂರ್ಯ ಅದರ ಪಕ್ಕದಲ್ಲೇ ಹಾದುಹೋಗ್ತಾನೆ. ಆ ದಿನಗಳಲ್ಲಿ ಸಿಂಹ ಸೂರ್ಯನ ಜೊತೆಗೇ ಹುಟ್ಟಿ ಜೊತೆಗೇ ಮುಳುಗುತ್ತೆ. ರಾತ್ರಿಯೆಲ್ಲ ಹುಡುಕಿದರೂ ಸಿಗಲ್ಲ.

ಕಾಡುಹಾದಿ:
ಇದನ್ನು ಓದಿ ಎದ್ದು ನಿಂತೆ ಸಾರ್. ನಿಜವಾಗಲೂ.

ಮಾತ್ರೆಮೇಷ್ಟ್ರು:
ನಾನೂ. ಆದರೂ ಜಗಳ ಆಡದೆ ಬಿಡಲ್ಲ. ಮೂರನೆಯ ಸಾಲಲ್ಲೇ 'ಚುಕ್ಕಿಯೇ' ಅಂದು ಗುಟ್ಟು ಬಿಟ್ಟುಕೊಟ್ಟಿರಿ. ಕೊನೆಯ ಪದಕ್ಕೆ ಬಂದಾಗ ಅಲ್ಲಿ ಏನೂ ಉಳಿದಿರಲ್ಲ. ಹೀಗೆ ಮಾಡಿ ನೋಡಿ:

*ಹೊಂಗದಿರ ಬೀರುತ್ತ ನೇಸರನು ಬೆನ್ನೇರೆ*

ಚುಕ್ಕಿಹುಚ್ಚ:
ಈಗ ಸೂರ್ಯನೂ ಚುಕ್ಕಿ ಅನ್ನೋದು ಓದುಗನಿಗೇ ಹೊಳೀಬೇಕು. ಹೊಳೀದಿದ್ದರೆ?

ಮಾತ್ರೆಮೇಷ್ಟ್ರು:
ಎರಡನೆಯ ಸಲ ಓದ್ತಾನೆ.

ಚುಕ್ಕಿಹುಚ್ಚ:
ತಗೊಂಡೆ. ಬದಲಾಯಿಸಿದೆ.

ಹೊಸಬಳು:
ನನ್ನ ಮೂರನೆಯ ಸಾಲಿಂದ ಆ ಎರಡನೆಯ 'ಮಾಯೆ'ಯನ್ನು ಕಿತ್ತು ಹಾಕಿದೆ. ಅಲ್ಲಿ ಈಗ ಐದು ಮಾತ್ರೆಯ ಗುಂಡಿ ಬಿದ್ದಿದೆ. ರಾತ್ರಿಯೊಳಗೆ ತುಂಬ್ತೀನಿ, ಯಾರೂ ಹೇಳಿಕೊಡಬೇಡಿ.

ಸಮಸ್ಯೆ ಕೊಟ್ಟವನು:
ಯಾರೂ ಹೇಳಲ್ಲ. ಅದು ತುಂಬಿದ ಮೇಲೆ ಮುಂದಿನದು ಇಲ್ಲೇ ಇದೆ. ಅದೇ ಸಿಂಹ, ಅದೇ ಛಂದಸ್ಸು, ಪ್ರಾಸ 'ಕ್ಕ':

*ಚುಕ್ಕಿಯಿಲ್ಲದ ಸಿಂಗ ಬೆಳಗಿತಿರುಳೆಲ್ಲ*