ನೆರಳಿನ ಹಿತ್ತಿಲು, ಚಿರೆಕಲ್ಲಿನ ನೆಲ: ಏನು ನೆಡಬಹುದು?

ಪ್ರಶ್ನೆ (ಕಾರವಾರದಿಂದ)

ನಮಸ್ಕಾರ. ಗುಡ್ಡದ ಬುಡದಲ್ಲಿರುವ ನಮ್ಮ ಮನೆಯ ಹಿತ್ತಿಲನ್ನು ಎರಡು ಹಲಸಿನ ಮರಗಳೂ ಒಂದು ಮಾವಿನ ಮರವೂ ಆವರಿಸಿಕೊಂಡಿದ್ದು, ಬೆಳಗಿನ ಹೊತ್ತು ಮಾತ್ರ ಸ್ವಲ್ಪ ಬಿಸಿಲು ಬೀಳುತ್ತದೆ. ಅರ್ಧ ಅಡಿ ಅಗೆಯುವಷ್ಟರಲ್ಲಿ ಚಿರೆಕಲ್ಲು (ಜಂಬಿಟ್ಟಿಗೆ ಕಲ್ಲು) ಸಿಗುತ್ತದೆ. ಮೇಲಿನ ಕೆಂಪು ಮಣ್ಣು ಬೇಸಿಗೆಯಲ್ಲಿ ಬಿಗಿದುಕೊಳ್ಳುತ್ತದೆ. ಮಳೆಗಾಲದಲ್ಲಿ ಗೋಡೆಯ ಬದಿಗೆ ನೀರು ನಿಲ್ಲುತ್ತದೆ. ಮರ ಕಡಿಯುವ ಮನಸ್ಸಿಲ್ಲ. ಅತ್ತೆಯವರಿಗೆ ಅಡುಗೆಗೆ ಒದಗುವ ಗಿಡಗಳು ಬೇಕು, ನನಗೆ ಒಂದಿಷ್ಟು ಹೂವು ಬೇಕು. ಹೊರಗಿನಿಂದ ಮಣ್ಣು ತರಿಸಿ ತುಂಬಿಸಲೇಬೇಕೇ?

ಉತ್ತರ (ಶಿರಸಿಯಿಂದ)

ಹಿತ್ತಿಲು ಪೂರ್ತಿ ತುಂಬಿಸುವುದು ಬೇಡ. ಮರದ ಬುಡಕ್ಕೆ ಮಣ್ಣು ಏರಿಸಿದರೆ ಬೇರಿಗೆ ಗಾಳಿಯಾಡದೆ ಮರವೇ ಸೊರಗುತ್ತದೆ. ಮೊದಲು ನೀರಿನ ದಾರಿ ನೋಡಿ: ಗೋಡೆಯ ಬದಿಯಿಂದ ಇಳಿಜಾರಿನತ್ತ ಒಂದು ಬಸಿಗಾಲುವೆ ತೆಗೆಯಿರಿ. ಬಳಿಕ ಕಾಂಡಗಳಿಂದ ದೂರದಲ್ಲಿ, ಚಿರೆಕಲ್ಲಿನ ತುಂಡುಗಳನ್ನೇ ಅಂಚಿಗೆ ಜೋಡಿಸಿ, ಒಂದು ಅಡಿ ಎತ್ತರ, ಮೂರು ಅಡಿ ಅಗಲದ ಏರುಮಡಿಗಳನ್ನು ಮಾಡಿ. ನಮ್ಮ ಕಡೆ ಸೊಪ್ಪಿನಬೆಟ್ಟದ (ತೋಟಕ್ಕೆ ಸೊಪ್ಪು ತರುವ ಕಾಡಿನ) ಸೊಪ್ಪು ಮತ್ತು ದರಕು (ಒಣಗಿ ಉದುರಿದ ಎಲೆ) ಕೊಟ್ಟಿಗೆಯಲ್ಲಿ ಗೊಬ್ಬರವಾಗಿ ಅಡಿಕೆ ತೋಟಕ್ಕೆ ಹೋಗುತ್ತವೆ. ತಮ್ಮಲ್ಲಿ ಆ ದರಕನ್ನು ಹಲಸು, ಮಾವುಗಳೇ ಉದುರಿಸುತ್ತಿವೆ. ದಯವಿಟ್ಟು ಅದನ್ನು ಗುಡಿಸಿ ಸುಡಬೇಡಿ. ದರಕು, ಸಗಣಿಗೊಬ್ಬರ ಮತ್ತು ಅಲ್ಲಿಯದೇ ಮಣ್ಣನ್ನು ಪದರ ಪದರವಾಗಿ ಹಾಕಿ ಮಡಿ ತುಂಬಿಸಿ. ಮೊದಲ ಮಳೆಗಾಲದಲ್ಲಿ ಅದು ಕುಸಿಯುತ್ತದೆ, ಆಗ ಮತ್ತೆ ತುಂಬಿಸಬೇಕು.

ಮೇ ಕೊನೆಗೆ ಅರಿಶಿನ ಮತ್ತು ಮಾವಿನಕಾಯಿ ಶುಂಠಿಯನ್ನು ನೆಡಬಹುದು. ಎರಡೂ ಅರೆನೆರಳಿನಲ್ಲಿ ಬರುತ್ತವೆ. ಹಲಸಿನ ಕಾಂಡಕ್ಕೆ ಕಾಳುಮೆಣಸು ಹಬ್ಬಿಸಿ. ತೇವ ಉಳಿಯುವ ಕಡೆ ಪತ್ರೊಡೆಯ ಕೆಸು ಮತ್ತು ತಂಬುಳಿಗೆ ಒಂದೆಲಗ ಇರಲಿ. ಬಸಿಗಾಲುವೆಯ ಅಂಚಿಗೆ ಬಿಳಿಯ ಸುಗಂಧಿ ಹೂವಿಗಿಂತ ಒಪ್ಪುವ ಗಿಡ ನನಗೆ ತೋಚುವುದಿಲ್ಲ. ಬೆಳಗಿನ ಬಿಸಿಲು ತಾಗುವ ಅಂಚನ್ನು ಅಬ್ಬಲಿಗೆಗೆ (ಕನಕಾಂಬರಕ್ಕೆ) ಬಿಟ್ಟುಕೊಡಿ.

ಉತ್ತರ (ಕುಮಟಾದಿಂದ)

ಮೇಲಿನ ಸಲಹೆಗೆ ಎರಡು ಮಾತು ಸೇರಿಸುತ್ತೇನೆ. ನಮ್ಮ ಭಾರೀ ಮಳೆಯು ಮಣ್ಣಿನ ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ತೊಳೆದೊಯ್ದು ಕಬ್ಬಿಣ, ಅಲ್ಯೂಮಿನಿಯಂಗಳನ್ನು ಉಳಿಸುವುದರಿಂದ ಚಿರೆಮಣ್ಣು ಸಾಮಾನ್ಯವಾಗಿ ಹುಳಿಯಾಗಿರುತ್ತದೆ, ರಂಜಕವೂ ಬೇರಿಗೆ ಸಿಗದಂತೆ ಕಟ್ಟಿಕೊಳ್ಳುತ್ತದೆ. ಇದಕ್ಕೆ ಚಿಪ್ಪಿನ ಸುಣ್ಣ ಒಳ್ಳೆಯ ಮದ್ದು. ಆದರೆ ಮನೆಯ ಗೋಡೆಯ ಬದಿಯಲ್ಲಿ ಹಳೆಯ ಸಿಮೆಂಟು, ಗಾರೆ ಬಿದ್ದಿದ್ದರೆ ಅಲ್ಲಿ ಸುಣ್ಣದ ಅಗತ್ಯವೇ ಇರುವುದಿಲ್ಲ. ಆದ್ದರಿಂದ ಶಿರಸಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ, ಮಣ್ಣು ಪರೀಕ್ಷೆ ಮಾಡಿಸಿಯೇ ಹಾಕಿ. ಸುಣ್ಣ ಮತ್ತು ಸಗಣಿಗೊಬ್ಬರ ಒಟ್ಟಿಗೆ ಬೀಳಬಾರದು, ಸಾರಜನಕ ಅಮೋನಿಯಾ ಆಗಿ ಹಾರಿಹೋಗುತ್ತದೆ. ನಡುವೆ ಎರಡು ಮೂರು ವಾರ ಬಿಡಿ. ಇನ್ನೊಂದು, ಹಲಸಿನ ಸಣ್ಣ ಬೇರುಗಳು ಹೊಸ ಮಡಿಯನ್ನು ಹುಡುಕಿಕೊಂಡು ಬಂದೇ ಬರುತ್ತವೆ. ಅರಿಶಿನ ಕೀಳುವಾಗ ಅವನ್ನು ಕತ್ತರಿಸಿ, ದಪ್ಪ ಬೇರುಗಳನ್ನು ಮುಟ್ಟಬೇಡಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಅತ್ತೆಯವರು ಬದನೆ, ಬೆಂಡೆಯನ್ನೂ ಕೇಳುತ್ತಿದ್ದಾರೆ. ಹಿತ್ತಿಲಿನಲ್ಲಿ ಸಾಧ್ಯವೇ?

ಉತ್ತರ (ಶಿರಸಿಯಿಂದ)

ಅವಕ್ಕೆ ದಿನಕ್ಕೆ ಆರು ಗಂಟೆಯಾದರೂ ಬಿಸಿಲು ಬೇಕು. ನೆರಳಿನಲ್ಲಿ ಗಿಡ ಉದ್ದವಾಗಿ ಸೊರಗುತ್ತದೆ, ಕಾಯಿ ಕಚ್ಚುವುದಿಲ್ಲ. ಮನೆಯ ಮುಂದೆ ಬಿಸಿಲಿದ್ದರೆ ಚೀಲಗಳಲ್ಲಿ ಬೆಳೆಸಿ. ಹಿತ್ತಿಲಿನಲ್ಲಿ ಸೊಪ್ಪು ಬೇಕೆಂದರೆ ಚಕ್ರಮುನಿ ನೆಡಿ, ಅದು ಅರೆನೆರಳಿಗೆ ಹೊಂದಿಕೊಳ್ಳುತ್ತದೆ.