ಚೆಲ್ಲಿದ ನೀರಿನ ಅಳತೆ ಪ್ರತಿ ಸಲವೂ ಬೇರೆ ಬರುವುದೇಕೆ?

ಪ್ರಶ್ನೆ

ನಮಸ್ಕಾರ. ಎಂಟನೆಯ ತರಗತಿಯಲ್ಲಿ ಓದುತ್ತಿರುವ ನನ್ನ ಮಗಳು ಹೊಳೆದಂಡೆಯಿಂದ ಆಯ್ದು ತಂದ ಒಂದು ಕಲ್ಲಿನ ಸಾಂದ್ರತೆಯನ್ನು (ತೂಕವನ್ನು ಗಾತ್ರದಿಂದ ಭಾಗಿಸಿದರೆ ಬರುವ ಅಂಕಿ) ಕಂಡುಹಿಡಿಯಲು ಮೂರು ದಿನಗಳಿಂದ ಪ್ರಯತ್ನಿಸುತ್ತಿದ್ದಾಳೆ. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ಅದು 112 ಗ್ರಾಂ ತೂಗುತ್ತದೆ. 100 ಮಿಲಿಲೀಟರಿನ ಅಳತೆ ಜಾಡಿಯೊಳಗೆ ಕಲ್ಲು ಹಿಡಿಸದ ಕಾರಣ, ಸ್ಟೀಲ್ ಪಾತ್ರೆಯೊಂದನ್ನು ತಟ್ಟೆಯಲ್ಲಿಟ್ಟು, ಅಂಚಿನವರೆಗೆ ನೀರು ತುಂಬಿ, ಕಲ್ಲನ್ನು ಮುಳುಗಿಸಿ, ತಟ್ಟೆಗೆ ಚೆಲ್ಲಿದ ನೀರನ್ನು ಜಾಡಿಗೆ ಸುರಿದು ಅಳೆದೆವು. ಮೊದಲ ಸಲ 29, ಎರಡನೆಯ ಸಲ 36, ಮೂರನೆಯ ಸಲ 33 ಮಿಲಿಲೀಟರ್ ಬಂತು. ಕಲ್ಲೂ ಅದೇ, ಪಾತ್ರೆಯೂ ಅದೇ. ಹೀಗೇಕಾಗುತ್ತದೆ?

ಉತ್ತರ 1

ನಿಮ್ಮ ಮಗಳು ಮೂರು ಸಲ ಅಳೆದದ್ದೇ ಒಳ್ಳೆಯದಾಯಿತು; ಒಂದೇ ಸಲ ಅಳೆದಿದ್ದರೆ ತಪ್ಪು ಗೊತ್ತೇ ಆಗುತ್ತಿರಲಿಲ್ಲ. ತುಂಬಿದ ಪಾತ್ರೆಯನ್ನು ಪಕ್ಕದಿಂದ ಕಣ್ಣಿನ ಮಟ್ಟದಲ್ಲಿ ನೋಡಿ. ಮೇಲ್ಮೈ ಎಳೆತದಿಂದಾಗಿ ನೀರು ಅಂಚನ್ನು ದಾಟಿ ಉಬ್ಬಿ ನಿಂತಿರುತ್ತದೆಯೇ ಹೊರತು ಕೂಡಲೇ ಚೆಲ್ಲುವುದಿಲ್ಲ. ಪಾತ್ರೆಯ ಬಾಯಿ 12 ಸೆಂಟಿಮೀಟರ್ ಅಗಲವಿದೆ ಎಂದಿಟ್ಟುಕೊಂಡರೆ, ಆ ಉಬ್ಬು ಒಂದೇ ಒಂದು ಮಿಲಿಮೀಟರ್ ಹೆಚ್ಚುಕಡಿಮೆಯಾದರೂ ಸುಮಾರು 11 ಮಿಲಿಲೀಟರ್ ವ್ಯತ್ಯಾಸ ಬರುತ್ತದೆ. ಇದರ ಜೊತೆಗೆ ಪಾತ್ರೆಯ ಹೊರಮೈಗೂ ತಟ್ಟೆಗೂ ಅಂಟಿಕೊಂಡ ಹನಿಗಳು ಜಾಡಿಯನ್ನು ಸೇರುವುದೇ ಇಲ್ಲ. ಆದ್ದರಿಂದ ಪಾತ್ರೆಯನ್ನು ಮೊದಲೇ ಉಕ್ಕಿ ಹರಿಯುವಷ್ಟು ತುಂಬಿಸಿ, ಹನಿಯುವುದು ಪೂರ್ತಿ ನಿಂತ ಮೇಲೆ ತಟ್ಟೆಯನ್ನು ಒರೆಸಿ, ಆಮೇಲೆ ಕಲ್ಲನ್ನು ದಾರದಲ್ಲಿ ಕಟ್ಟಿ ನಿಧಾನವಾಗಿ ಇಳಿಸಬೇಕು. ಬಾಯಿ ಕಿರಿದಾದಷ್ಟೂ ಒಳ್ಳೆಯದು. ಪ್ರಯೋಗಾಲಯದ ಪಾತ್ರೆಗೆ ಪಕ್ಕದಲ್ಲಿ ಸಣ್ಣ ಕೊಳವೆ ಇರುವುದು ಇದೇ ಕಾರಣಕ್ಕೆ.

ಉತ್ತರ 2

ಮೇಲಿನ ವಿವರಣೆ ಸರಿಯಾಗಿದೆ. ಆದರೆ ಮನೆಯಲ್ಲಿ ತಕ್ಕಡಿ ಇರುವಾಗ ನೀರನ್ನು ಚೆಲ್ಲುವ ಅಗತ್ಯವೇ ಇಲ್ಲ. ಅಗಲವಾದ ಲೋಟದಲ್ಲಿ ಮುಕ್ಕಾಲು ಭಾಗ ನೀರು ತುಂಬಿ ತಕ್ಕಡಿಯ ಮೇಲಿಟ್ಟು, ಅಂಕಿಯನ್ನು ಸೊನ್ನೆಗೆ ತನ್ನಿ. ದಾರಕ್ಕೆ ಕಟ್ಟಿದ ಕಲ್ಲನ್ನು ಕೈಯಲ್ಲಿ ಹಿಡಿದು, ತಳಕ್ಕಾಗಲಿ ಬದಿಗಾಗಲಿ ತಾಗದಂತೆ ಪೂರ್ತಿ ಮುಳುಗಿಸಿ. ನೀರು ಕಲ್ಲನ್ನು ಮೇಲಕ್ಕೆ ಎಷ್ಟು ಬಲದಿಂದ ತಳ್ಳುತ್ತದೆಯೋ ಅಷ್ಟೇ ಬಲದಿಂದ ಕಲ್ಲು ನೀರನ್ನು ಕೆಳಕ್ಕೆ ಒತ್ತುತ್ತದೆ, ಮತ್ತು ಆ ಬಲವು ಕಲ್ಲು ಸ್ಥಳಾಂತರಿಸಿದ ನೀರಿನ ತೂಕಕ್ಕೆ ಸಮ. ಒಂದು ಮಿಲಿಲೀಟರ್ ನೀರು ಹೆಚ್ಚುಕಡಿಮೆ ಒಂದು ಗ್ರಾಂ ತೂಗುವುದರಿಂದ, ತಕ್ಕಡಿ ತೋರಿಸುವ ಗ್ರಾಂಗಳೇ ಕಲ್ಲಿನ ಗಾತ್ರದ ಮಿಲಿಲೀಟರ್‌ಗಳು. ಕಲ್ಲಿನ ಮೈಗೆ ಗುಳ್ಳೆಗಳು ಅಂಟಿದ್ದರೆ ಅವೂ ಗಾತ್ರಕ್ಕೆ ಸೇರಿಬಿಡುತ್ತವೆ, ಅಲುಗಾಡಿಸಿ ಬಿಡಿಸಿಕೊಳ್ಳಿ.

ಉತ್ತರ 3

ರಾಜನ ಚಿನ್ನದ ಕಿರೀಟದಲ್ಲಿ ಬೆಳ್ಳಿ ಬೆರೆತಿದೆಯೇ ಎಂಬುದನ್ನು ಪ್ರಾಚೀನ ಗ್ರೀಕ್ ವಿಜ್ಞಾನಿ ಆರ್ಕಿಮಿಡೀಸ್ ಚೆಲ್ಲಿದ ನೀರಿನಿಂದ ಪತ್ತೆಮಾಡಿದನೆಂಬ ಕಥೆಗೂ ಇದೇ ಆಕ್ಷೇಪವಿದೆ ಎಂಬುದನ್ನು ನಿಮ್ಮ ಮಗಳಿಗೆ ದಯವಿಟ್ಟು ಹೇಳಿ. ಚೆಲ್ಲಿದ ನೀರಿನ ಕಥೆಯನ್ನು ಬರೆದಿಟ್ಟವನು ಆರ್ಕಿಮಿಡೀಸನಿಗಿಂತ ಸುಮಾರು ಎರಡು ಶತಮಾನ ಈಚಿನ ರೋಮನ್ ವಾಸ್ತುಶಿಲ್ಪಿ ವಿಟ್ರೂವಿಯಸ್. 1586ರಲ್ಲಿ, ಇನ್ನೂ ಇಪ್ಪತ್ತೆರಡರ ಹರೆಯದ ಗೆಲಿಲಿಯೋ, ಆ ವಿಧಾನ ತೀರಾ ಒರಟಾದುದೆಂದು ವಾದಿಸಿ, ನೀರಿನೊಳಗೆ ತೂಗುವ ತಕ್ಕಡಿಯನ್ನು ವಿವರಿಸಿದನು. ಲೆಕ್ಕ ಹಾಕಿ ನೋಡಿದರೆ, ಒಂದು ಕಿಲೋ ಅಪ್ಪಟ ಚಿನ್ನದ ಗಾತ್ರ ಸುಮಾರು 52 ಮಿಲಿಲೀಟರ್. ಅದರಲ್ಲಿ 300 ಗ್ರಾಂ ಚಿನ್ನದ ಬದಲು ಅಷ್ಟೇ ತೂಕದ ಬೆಳ್ಳಿ ಇದ್ದರೆ ಸುಮಾರು 65. ಬಾಯಿ 20 ಸೆಂಟಿಮೀಟರ್ ಅಗಲವಿರುವ ಪಾತ್ರೆಯಲ್ಲಿ ಈ ವ್ಯತ್ಯಾಸದಿಂದ ನೀರಿನ ಮಟ್ಟ ಅರ್ಧ ಮಿಲಿಮೀಟರೂ ಏರುವುದಿಲ್ಲ.

ಇನ್ನೊಂದು ಮಾತು: ಇಟ್ಟಿಗೆಯಂತಹ ನೀರು ಹೀರುವ ವಸ್ತುವನ್ನು ಮೊದಲೇ ನೆನೆಸಿ, ಮೈ ಒರೆಸಿ ಮುಳುಗಿಸಬೇಕು. ಕಲ್ಲುಪ್ಪಿನ ಹರಳಾದರೆ ನೀರಿನ ಬದಲು ಅಡುಗೆ ಎಣ್ಣೆ ಬಳಸಿ, ಬಂದ ಗ್ರಾಂಗಳನ್ನು ಎಣ್ಣೆಯ ಸಾಂದ್ರತೆಯಾದ ಸುಮಾರು 0.92ರಿಂದ ಭಾಗಿಸಬೇಕು.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಧನ್ಯವಾದಗಳು. ಇಂದು ಸಂಜೆ ದಾರ ಕಟ್ಟಿ ಮುಳುಗಿಸಿದಾಗ ತಕ್ಕಡಿ 42 ತೋರಿಸಿತು. ಮತ್ತೆರಡು ಸಲ ಮಾಡಿದಾಗಲೂ 42 ಬಂತು. 112ನ್ನು 42ರಿಂದ ಭಾಗಿಸಿದರೆ 2.67 ಆಗುತ್ತದೆ, ಗ್ರಾನೈಟಿನ ಸಾಂದ್ರತೆ ಇರುವುದೂ 2.6ರಿಂದ 2.7ರ ಆಸುಪಾಸಿನಲ್ಲಿ. ಮಗಳು ಈಗ ಕಲ್ಲುಪ್ಪಿನ ದೊಡ್ಡ ಹರಳೊಂದನ್ನು ಹುಡುಕುತ್ತಿದ್ದಾಳೆ.